ನೀಲಿ ದೀಪದ ವಿನಂತಿ

ನ್ಯೂ ಜೆರ್ಸಿಯಲ್ಲೋ ನ್ಯೂಯಾರ್ಕ್ ರಾಜ್ಯದ ಸಣ್ಣ ಊರುಗಳಲ್ಲೋ ನೆಲೆಸಿರುವ ಮಕ್ಕಳ ಮನೆಗೆ ಮುಂಬಯಿ, ಪುಣೆ, ಚೆನ್ನೈಗಳಿಂದ ಹೋಗಿಬರುವ ಹಿರಿಯರು ಅಲ್ಲಿಯ ರಸ್ತೆಗಳಲ್ಲಿ ಕೆಲವೊಮ್ಮೆ ಒಂದು ನೋಟವನ್ನು ಕಂಡು ಬೆರಗಾಗುವುದುಂಟು. ಮುಸ್ಸಂಜೆಯ ಹೊತ್ತು. ಹಿಂದಿನಿಂದ ಒಂದು ಕಾರು ಬರುತ್ತದೆ. ನೋಡಲು ತೀರ ಸಾಧಾರಣವಾದದ್ದು. ಒಂದೆರಡು ಕಡೆ ಬಣ್ಣ ಹೋಗಿದ್ದರೂ ಹೋಗಿರಬಹುದು. ಆದರೆ ಅದರ ಮುಂಗಾಜಿನ ಒಳಗೆ ಪುಟ್ಟದೊಂದು ನೀಲಿ ದೀಪ ಮಿನುಗುತ್ತಿರುತ್ತದೆ. ಪೊಲೀಸರ ವಾಹನವಲ್ಲ, ಆಂಬುಲೆನ್ಸ್ ಅಲ್ಲ, ಸೈರನ್ನಿನ ಸದ್ದೂ ಇಲ್ಲ. ಆದರೂ ಮಗ ತನ್ನ ಕಾರನ್ನು ನಿಧಾನಗೊಳಿಸಿ, ರಸ್ತೆಯ ಅಂಚಿಗೆ ಸರಿದು, ಅದಕ್ಕೆ ದಾರಿ ಬಿಡುತ್ತಾನೆ.

‘ಯಾರೋ ದೊಡ್ಡ ಅಧಿಕಾರಿಯ ಸವಾರಿ ಇರಬೇಕು’ ಎಂದು ತಂದೆ ಊಹಿಸುವುದು ಸಹಜ. ಗೂಟದ ಕಾರುಗಳ ನಡುವೆ ಆಯುಷ್ಯ ಕಳೆದವರಿಗೆ ಬೇರೆ ಯಾವ ಊಹೆ ತಾನೆ ಹೊಳೆದೀತು? ಆದರೆ ಆ ಕಾರಿನಲ್ಲಿ ಕುಳಿತಿರುವಾತ ಊರಿನ ಕೊಳಾಯಿ ಕೆಲಸದವನಾಗಿರಬಹುದು, ಶಾಲೆಯ ಉಪಾಧ್ಯಾಯನಾಗಿರಬಹುದು, ಕಿರಾಣಿ ಅಂಗಡಿಯ ಗುಮಾಸ್ತನಾಗಿರಬಹುದು. ಊಟದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಿರುತ್ತಾನೆ. ಊರಿನ ಇನ್ನೊಂದು ತುದಿಯಲ್ಲಿ ಯಾರದೋ ಮನೆಗೆ ಬೆಂಕಿ ಬಿದ್ದಿದೆ. ಅದನ್ನು ನಂದಿಸಲು ಆತ ಹೊರಟಿದ್ದಾನೆ. ಅದಕ್ಕಾಗಿ ಅವನಿಗೆ ಸಂಬಳವಿಲ್ಲ. ಆತ ಸ್ವಯಂಸೇವಕ ಅಗ್ನಿಶಾಮಕ.

ಆ ಪುಟ್ಟ ದೀಪದ ಹಿಂದೆ ಒಂದು ದೀರ್ಘ ಇತಿಹಾಸವಿದೆ, ಒಂದು ಕಾನೂನಿದೆ, ಕಣ್ಣಿಗೂ ಹೃದಯಕ್ಕೂ ಸಂಬಂಧಿಸಿದ ವೈದ್ಯಕೀಯ ಸಂಗತಿಗಳಿವೆ. ಎಲ್ಲಕ್ಕೂ ಮಿಗಿಲಾಗಿ, ಮಹಾನಗರಗಳ ವಾಹನಸಂದಣಿಯಲ್ಲಿ ದಿನ ಕಳೆಯುವವರು ಮನಸ್ಸಿಗೆ ತಂದುಕೊಳ್ಳಬೇಕಾದ ಒಂದು ಪಾಠವಿದೆ.

ಸಂಬಳವಿಲ್ಲದ ಸೇವೆ

ಅಮೆರಿಕದಲ್ಲಿ ಸ್ವಯಂಸೇವಕ ಅಗ್ನಿಶಾಮಕ ದಳದ ಪರಂಪರೆ ಆ ರಾಷ್ಟ್ರಕ್ಕಿಂತಲೂ ಹಳೆಯದು. ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯಾ ನಗರದಲ್ಲಿ ‘ಯೂನಿಯನ್ ಫೈರ್ ಕಂಪನಿ’ಯನ್ನು ಕಟ್ಟಿದ್ದು 1736ರಲ್ಲಿ, ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಂಡದ್ದು ಅದಾದ 40 ವರ್ಷಗಳ ಮೇಲೆ. ಆ ಸಂಘದ ಸದಸ್ಯರು ನೀರು ಸಾಗಿಸಲು ಚರ್ಮದ ಬಕೆಟ್ಟುಗಳನ್ನೂ, ಉರಿಯುವ ಮನೆಯಿಂದ ಸಾಮಾನುಗಳನ್ನು ಹೊರಸಾಗಿಸಲು ಚೀಲ ಬುಟ್ಟಿಗಳನ್ನೂ ಸಿದ್ಧವಾಗಿಟ್ಟುಕೊಳ್ಳಬೇಕೆಂಬ ನಿಯಮವಿತ್ತು. ನೆರೆಮನೆಯ ಬೆಂಕಿ ತನ್ನ ಮನೆಯ ಬೆಂಕಿಯೇ ಎಂಬ ತಿಳಿವಳಿಕೆಯಿಂದ ಹುಟ್ಟಿದ ವ್ಯವಸ್ಥೆ ಅದು.

ನಗರಗಳು ಬೆಳೆದಂತೆ ವೇತನದ ದಳಗಳು ಬಂದವು. ಸಿನ್ಸಿನಾಟಿ ನಗರ 1853ರಲ್ಲಿಯೂ ನ್ಯೂಯಾರ್ಕ್ ನಗರ 1865ರಲ್ಲಿಯೂ ಸ್ವಯಂಸೇವಕರ ಬದಲಿಗೆ ಸಂಬಳದ ಸಿಬ್ಬಂದಿಯನ್ನು ನೇಮಿಸಿಕೊಂಡವು. ಆದರೆ ಸಣ್ಣ ಪಟ್ಟಣಗಳಲ್ಲಿಯೂ ಹಳ್ಳಿಗಾಡಿನಲ್ಲಿಯೂ ಹಳೆಯ ಪದ್ಧತಿ ಹಾಗೆಯೇ ಉಳಿಯಿತು. ನ್ಯೂಯಾರ್ಕ್ ನಗರಕ್ಕೆ ಅಂಟಿಕೊಂಡಂತಿರುವ ಲಾಂಗ್ ಐಲೆಂಡಿನ ಉಪನಗರಗಳಲ್ಲಿ ಸಹ ಬೆಂಕಿ ನಂದಿಸುವ ಹೊಣೆ ಬಹುಮಟ್ಟಿಗೆ ಸ್ವಯಂಸೇವಕರದೇ ಆಗಿದೆ.

ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ ಅಂದಾಜಿನಂತೆ 2020ರಲ್ಲಿ ಆ ದೇಶದಲ್ಲಿದ್ದ ಸುಮಾರು 10 ಲಕ್ಷ 41 ಸಾವಿರ ಅಗ್ನಿಶಾಮಕರ ಪೈಕಿ 6 ಲಕ್ಷ 77 ಸಾವಿರದಷ್ಟು ಮಂದಿ, ಎಂದರೆ ನೂರಕ್ಕೆ 65 ಮಂದಿ, ಸ್ವಯಂಸೇವಕರು. 1984ರಲ್ಲಿ ಸ್ವಯಂಸೇವಕರ ಸಂಖ್ಯೆ 9 ಲಕ್ಷದ ಸಮೀಪವಿತ್ತು. ಈಗ ಇರುವವರ ಮೇಲೆ ಹೊರೆ ಹೆಚ್ಚಿದೆ.

ಈ ಪದ್ಧತಿ ಅಮೆರಿಕದ್ದು ಮಾತ್ರವಲ್ಲ. ಜರ್ಮನಿಯಲ್ಲಿ ಸುಮಾರು 10 ಲಕ್ಷ ಮಂದಿ ಸ್ವಯಂಸೇವಕ ಅಗ್ನಿಶಾಮಕರಿದ್ದಾರೆ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಂತೂ ರಾಜಧಾನಿಯಲ್ಲಿ ಸಹ ಬೆಂಕಿ ನಂದಿಸುವವರು ಸ್ವಯಂಸೇವಕರೇ.

ಕರೆ ಬಂದ ಕ್ಷಣದಿಂದ

ವೇತನದ ದಳದಲ್ಲಿ ಸಿಬ್ಬಂದಿ ಠಾಣೆಯಲ್ಲಿಯೇ ಇರುತ್ತಾರೆ. ಗಂಟೆ ಬಾರಿಸಿದೊಡನೆ ಎಂಜಿನ್ ಏರಿ ಹೊರಡುತ್ತಾರೆ. ಸ್ವಯಂಸೇವಕರ ಊರಿನಲ್ಲಿ ಠಾಣೆ ಬಹುಪಾಲು ಖಾಲಿಯಾಗಿಯೇ ಇರುತ್ತದೆ. ಎಂಜಿನ್ ಇದೆ, ನೀರಿದೆ, ಕೊಳವೆಗಳಿವೆ. ಅವುಗಳನ್ನು ನಡೆಸುವವರು ತಂತಮ್ಮ ಮನೆಗಳಲ್ಲಿ, ಅಂಗಡಿಗಳಲ್ಲಿ, ಹೊಲಗಳಲ್ಲಿ ಇರುತ್ತಾರೆ. ಹಿಂದೆ ಠಾಣೆಯ ಮಾಡಿನ ಮೇಲಿನ ಸೈರನ್ ಕೂಗಿ ಅವರನ್ನು ಕರೆಯುತ್ತಿತ್ತು. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೇಜರ್ ಬಂತು. ಈಗ ಅನೇಕ ಕಡೆ ಕಿಸೆಯಲ್ಲಿರುವ ಮೊಬೈಲ್ ಫೋನೇ ಕರೆಯುತ್ತದೆ. ಕರೆ ಬಂದ ಕೂಡಲೇ ಆತ ತನ್ನ ಸ್ವಂತ ಕಾರಿನಲ್ಲಿ ಠಾಣೆಗೋ, ನೇರವಾಗಿ ಬೆಂಕಿ ಬಿದ್ದ ಸ್ಥಳಕ್ಕೋ ಧಾವಿಸಬೇಕು. ಆತ ತಲುಪುವ ತನಕ ಎಂಜಿನ್ ಕದಲುವುದಿಲ್ಲ.

ಬೆಂಕಿ ಯಾರಿಗಾಗಿಯೂ ಕಾಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಹೊತ್ತಿದ ಉರಿಯ ಬಿಸಿ ಮೇಲೇರಿ ಚಾವಣಿಯ ಕೆಳಗೆ ಸೇರಿಕೊಳ್ಳುತ್ತದೆ. ಒಂದು ಹಂತದಲ್ಲಿ ಆ ಶಾಖಕ್ಕೆ ಕೋಣೆಯಲ್ಲಿರುವ ವಸ್ತುಗಳೆಲ್ಲವೂ ಒಮ್ಮೆಗೇ ಭಗ್ಗೆಂದು ಹೊತ್ತಿಕೊಳ್ಳುತ್ತವೆ. ತಜ್ಞರು ಇದನ್ನು ‘ಫ್ಲ್ಯಾಷ್‌ಓವರ್’ ಎನ್ನುತ್ತಾರೆ. ಆ ಬಳಿಕ ಆ ಕೋಣೆಯಲ್ಲಿ ಮನುಷ್ಯಜೀವ ಉಳಿಯುವ ಸಂಭವ ಇಲ್ಲವೆಂದೇ ಹೇಳಬೇಕು. ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಸಂಸ್ಥೆ ಎರಡು ಬೈಠಕ್‌ಖಾನೆಗಳನ್ನು ಕಟ್ಟಿ ಬೆಂಕಿಯಿಟ್ಟು ಪರೀಕ್ಷಿಸಿತು. ಹಳೆಯ ಕಾಲದ ಮರ, ಹತ್ತಿಗಳ ಪೀಠೋಪಕರಣವಿದ್ದ ಕೋಣೆ ಆ ಸ್ಥಿತಿ ತಲುಪಲು 29 ನಿಮಿಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಈಗಿನ ಫೋಮ್, ಪ್ಲಾಸ್ಟಿಕ್, ಕೃತಕ ನೂಲುಗಳಿಂದ ತುಂಬಿದ್ದ ಕೋಣೆ 5 ನಿಮಿಷದೊಳಗೆ ಅಲ್ಲಿಗೆ ತಲುಪಿತು. ನಗರದ ಫ್ಲ್ಯಾಟುಗಳಲ್ಲಿ ಸೋಫಾ, ಪರದೆ, ಫೋಮ್ ಹಾಸಿಗೆಗಳನ್ನು ತುಂಬಿಕೊಂಡಿರುವವರೂ ಈ ಅಂಕಿಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಹೀಗಾಗಿ ಸ್ವಯಂಸೇವಕನಿಗೆ ಒಂದೊಂದು ನಿಮಿಷವೂ ಅಮೂಲ್ಯ. ಆದರೆ ಆತನ ಕಾರು ಕೆಂಪು ಬಣ್ಣದ ಅಗ್ನಿಶಾಮಕ ವಾಹನವಲ್ಲ. ದಾರಿಯಲ್ಲಿರುವ ನೂರು ಕಾರುಗಳಲ್ಲಿ ಅದೂ ಒಂದು. ಆತ ಎಲ್ಲಿಗೆ ಹೊರಟಿದ್ದಾನೆಂಬುದು ಮುಂದಿರುವವರಿಗೆ ತಿಳಿಯುವುದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದೇ ಸ್ವಂತ ವಾಹನದ ತುರ್ತು ದೀಪ.

ದೀಪ ಕೊಡುವುದು ಏನನ್ನು?

ದೀಪದ ಬಣ್ಣ ಎಲ್ಲ ಕಡೆಯೂ ಒಂದೇ ಅಲ್ಲ. ನ್ಯೂಯಾರ್ಕ್, ನ್ಯೂ ಜೆರ್ಸಿ, ಪೆನ್ಸಿಲ್ವೇನಿಯಾ ರಾಜ್ಯಗಳಲ್ಲಿ ಸ್ವಯಂಸೇವಕ ಅಗ್ನಿಶಾಮಕನ ದೀಪ ನೀಲಿ. ಪಕ್ಕದ ಮ್ಯಾಸಚೂಸೆಟ್ಸ್‌ನಲ್ಲಿ ನೀಲಿ ಬಣ್ಣ ಪೊಲೀಸರದು. ಅಲ್ಲಿ ಪರವಾನಗಿ ಪಡೆದ ಅಗ್ನಿಶಾಮಕನ ದೀಪ ಕೆಂಪು. ಕೆನಡಾದ ಆಂಟೇರಿಯೋ ಪ್ರಾಂತದಲ್ಲಿ ಅದು ಹಸಿರು. ಒಂದು ಗಡಿ ದಾಟಿದರೆ ಬಣ್ಣದ ಅರ್ಥವೇ ಬದಲಾಗುವುದರಿಂದ, ಹೊಸಬರಿಗೆ ಗೊಂದಲವಾಗುವುದುಂಟು.

ಆದರೆ ಬಣ್ಣಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿದೆ. ಆ ದೀಪದಿಂದ ಆತನಿಗೆ ದೊರೆಯುವ ಅಧಿಕಾರವೇನು? ನ್ಯೂಯಾರ್ಕ್ ರಾಜ್ಯದ ಕಾನೂನನ್ನು ನೋಡಬಹುದು. ಅಲ್ಲಿ ಒಬ್ಬ ಸ್ವಯಂಸೇವಕ ತನ್ನ ಕಾರಿಗೆ ಒಂದು ನೀಲಿ ದೀಪವನ್ನು ಜೋಡಿಸಿಕೊಳ್ಳಬಹುದು. ಅದಕ್ಕೆ ತನ್ನ ದಳದ ಮುಖ್ಯಸ್ಥನ ಲಿಖಿತ ಅನುಮತಿ ಬೇಕು. ತುರ್ತು ಕಾರ್ಯದಲ್ಲಿ ತೊಡಗಿರುವಾಗ ಮಾತ್ರ ಅದನ್ನು ಬೆಳಗಿಸಬೇಕು. ಆಂಬುಲೆನ್ಸ್ ಸೇವೆಯ ಸ್ವಯಂಸೇವಕರಿಗೆ ಅಲ್ಲಿ ಹಸಿರು ದೀಪ. ಇಷ್ಟಾದರೂ ಆ ಕಾರು ಕಾನೂನಿನ ಕಣ್ಣಿಗೆ ಸಾಧಾರಣ ಕಾರೇ. ಕೆಂಪು ಸಿಗ್ನಲ್ ಬಂದರೆ ಆತ ನಿಲ್ಲಬೇಕು. ವೇಗದ ಮಿತಿಯನ್ನು ಮೀರುವಂತಿಲ್ಲ. ಏಕಮುಖ ರಸ್ತೆಯಲ್ಲಿ ಎದುರು ದಿಕ್ಕಿನಿಂದ ನುಗ್ಗುವಂತಿಲ್ಲ. ಮುಂದಿರುವವರು ದಾರಿ ಬಿಟ್ಟರೆ ಅದು ಸೌಜನ್ಯ. ಬಿಡದಿದ್ದರೆ ಆತ ಹಿಂದೆಯೇ ಸಾಗಬೇಕು. ಆದುದರಿಂದಲೇ ಅಲ್ಲಿಯವರು ಅದನ್ನು ‘ಸೌಜನ್ಯದ ದೀಪ’ ಎಂದು ಕರೆಯುತ್ತಾರೆ.

ನ್ಯೂ ಜೆರ್ಸಿಯ ಕಾನೂನು ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಕಾರಿಗೆ ಇತರರು ದಾರಿ ಬಿಡಬೇಕೆಂದು ವಿಧಿಸುತ್ತದೆ. ಆದರೆ ಸ್ವಯಂಸೇವಕನಿಗೆ ಮಾತ್ರ ಅದು ಯಾವ ವಿನಾಯಿತಿಯನ್ನೂ ಕೊಡುವುದಿಲ್ಲ. ಎಲ್ಲರ ಸುರಕ್ಷತೆಯನ್ನೂ ಗಮನದಲ್ಲಿಟ್ಟು, ಎಲ್ಲ ಸಂಚಾರ ನಿಯಮಗಳನ್ನೂ ಪಾಲಿಸಿಯೇ ಆತ ಕಾರು ನಡೆಸಬೇಕು.

ಬ್ರಿಟನ್ನಿನಲ್ಲಿ ಇದೇ ಬಗೆಯ ವ್ಯವಸ್ಥೆ ವೈದ್ಯರಿಗಿದೆ. ತುರ್ತು ಕರೆಗೆ ಹೊರಟ ನೋಂದಾಯಿತ ವೈದ್ಯರು ತಮ್ಮ ಕಾರಿನ ಮೇಲೆ ಹಸಿರು ದೀಪವನ್ನು ಬೆಳಗಿಸಬಹುದು. ಅದರಿಂದ ಅವರಿಗೂ ವೇಗದ ಮಿತಿಯನ್ನಾಗಲಿ ಸಿಗ್ನಲನ್ನಾಗಲಿ ಮೀರುವ ಹಕ್ಕು ಬರುವುದಿಲ್ಲ. ‘ದಯವಿಟ್ಟು ದಾರಿ ಬಿಡಿ, ಯಾರೋ ಕಷ್ಟದಲ್ಲಿದ್ದಾರೆ’ ಎಂದು ಆ ದೀಪ ಕೇಳಿಕೊಳ್ಳುತ್ತದೆ, ಅಷ್ಟೆ.

ಕಣ್ಣು ಮತ್ತು ಬಣ್ಣ

ನೀಲಿ ದೀಪ ರಾತ್ರಿಯಲ್ಲಿ ದೂರದಿಂದಲೇ ಗಮನ ಸೆಳೆಯುವುದಕ್ಕೆ ಕಣ್ಣಿನ ರಚನೆಯಲ್ಲಿಯೇ ಕಾರಣವಿದೆ. ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವ ಎರಡು ಬಗೆಯ ಜೀವಕೋಶಗಳಿವೆ. ಶಂಕುಕೋಶಗಳು ಹಗಲಿನಲ್ಲಿ ಬಣ್ಣಗಳನ್ನು ತಿಳಿಸುತ್ತವೆ. ದಂಡಕೋಶಗಳು ಮಂದ ಬೆಳಕಿನಲ್ಲಿ ನೋಡಲು ನೆರವಾಗುತ್ತವೆ. ದಂಡಕೋಶಗಳು ನೀಲಿ ಹಸಿರಿನ ಕಡೆಯ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ಕೆಂಪಿಗೆ ತೀರ ಕಡಿಮೆ. ಹಗಲಿನಲ್ಲಿ ಕಣ್ಣು ಸೆಳೆಯುವ ಕೆಂಪು ದಾಸವಾಳ ಮುಸ್ಸಂಜೆಯಲ್ಲಿ ಕಪ್ಪಾಗಿ ಕಂಡು, ಅದರ ಹಸಿರೆಲೆಗಳೇ ಹೆಚ್ಚು ಬೆಳ್ಳಗೆ ತೋರುವುದು ಇದರಿಂದಲೇ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬೊಹಿಮಿಯಾದ ಶರೀರವಿಜ್ಞಾನಿ ಯಾನ್ ಪುರ್ಕಿನ್ಯೆ ಇದನ್ನು ಗುರುತಿಸಿ ವಿವರಿಸಿದನು.

ಆದರೆ ಈ ಗುಣವೇ ದೋಷವೂ ಆಗಬಲ್ಲುದು. ಹಿಂದಿನ ತಿರುಗುವ ಬಲ್ಬುಗಳ ಜಾಗದಲ್ಲಿ ಈಗ ಪ್ರಖರವಾದ ಎಲ್‌ಇಡಿ ದೀಪಗಳು ಬಂದಿವೆ. ಕತ್ತಲಿನಲ್ಲಿ ಅವು ಎದುರಿನಿಂದ ಬರುವವರ ಕಣ್ಣನ್ನು ಕೋರೈಸಬಲ್ಲವು. ಕಣ್ಣಿನ ಮಸೂರದಲ್ಲಿ ಪೊರೆ ಬೆಳೆಯುತ್ತಿರುವ ವಯೋವೃದ್ಧರಿಗಂತೂ ಬೆಳಕು ಚದುರಿ ಎದುರಿನ ದಾರಿಯೇ ಮಸುಕಾಗುತ್ತದೆ. ರಾತ್ರಿ ವಾಹನ ನಡೆಸುವ ಹಿರಿಯರು ದೀಪಗಳ ಸುತ್ತ ಬೆಳಕಿನ ವರ್ತುಲ ಕಾಣುತ್ತಿದ್ದರೆ ತಡಮಾಡದೆ ನೇತ್ರವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮಿನುಗುವ ದೀಪ ಎದುರಾದಾಗ ಅದನ್ನೇ ದಿಟ್ಟಿಸದೆ, ರಸ್ತೆಯ ಅಂಚಿನ ಕಡೆಗೆ ದೃಷ್ಟಿ ಹಾಯಿಸಿ ವೇಗ ತಗ್ಗಿಸುವುದು ಕ್ಷೇಮ.

ಉಳಿಯುವ ಸಮಯವೆಷ್ಟು?

ಮಿನುಗುವ ದೀಪ ಹಚ್ಚಿಕೊಂಡು ವೇಗವಾಗಿ ಹೋದರೆ ನಿಜವಾಗಿ ಎಷ್ಟು ಸಮಯ ಉಳಿಯುತ್ತದೆ? ಇದನ್ನು ಆಂಬುಲೆನ್ಸುಗಳ ವಿಷಯದಲ್ಲಿ ಅಳೆದು ನೋಡಿದ್ದಾರೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಗ್ರೀನ್‌ವಿಲ್ ಎಂಬ ಊರಿನ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ದೀಪ, ಸೈರನ್‌ಗಳೊಂದಿಗೆ ಆಸ್ಪತ್ರೆಗೆ ಹೊರಟ ಆಂಬುಲೆನ್ಸು, ಅವಿಲ್ಲದೆ ಹೊರಟ ವಾಹನಕ್ಕಿಂತ ಸರಾಸರಿ 43.5 ಸೆಕೆಂಡು ಮುಂಚೆ ತಲುಪಿತು. ಒಂದು ನಿಮಿಷವೂ ಪೂರ್ತಿ ಉಳಿಯಲಿಲ್ಲ. ಮಿನಿಯಾಪೊಲಿಸ್ ನಗರದಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಉಳಿತಾಯ ಸುಮಾರು 3 ನಿಮಿಷ. ಇವು ದಾರಿಯ ಹಕ್ಕುಳ್ಳ, ಸೈರನ್ ಇರುವ ವಾಹನಗಳ ಲೆಕ್ಕ. ಯಾವ ಹಕ್ಕೂ ಇಲ್ಲದ ಸ್ವಂತ ಕಾರಿನಿಂದ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವಂತಿಲ್ಲ.

ಸರಳವಾದ ಗಣಿತವೂ ಇದನ್ನೇ ಹೇಳುತ್ತದೆ. ಠಾಣೆ 5 ಕಿಲೋಮೀಟರ್ ದೂರವಿದೆಯೆಂದುಕೊಳ್ಳೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋದರೆ 6 ನಿಮಿಷ. ವೇಗವನ್ನು 65ಕ್ಕೆ ಏರಿಸಿದರೆ 4 ನಿಮಿಷ 37 ಸೆಕೆಂಡು. ಉಳಿದದ್ದು ಒಂದೂವರೆ ನಿಮಿಷಕ್ಕಿಂತ ಕಡಿಮೆ. ಆದರೆ ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅಪಘಾತವಾದರೆ ಹೊಡೆತ ನೂರಕ್ಕೆ 69ರಷ್ಟು ಹೆಚ್ಚು ಬಲವಾಗಿರುತ್ತದೆ.

ಈ ಲೆಕ್ಕ ಕಾಗದದ ಮೇಲಿನದು ಮಾತ್ರವಲ್ಲ. ಅಮೆರಿಕದಲ್ಲಿ ಕರ್ತವ್ಯದ ವೇಳೆ ಸಾಯುವ ಅಗ್ನಿಶಾಮಕರ ಸಾವಿನ ಕಾರಣಗಳಲ್ಲಿ ವಾಹನ ಅಪಘಾತಗಳಿಗೆ ಬಹುಕಾಲದಿಂದ ಮುಖ್ಯ ಸ್ಥಾನವಿದೆ. ಅಪಘಾತದಲ್ಲಿ ಮಡಿದ ಸ್ವಯಂಸೇವಕರಲ್ಲಿ ಅನೇಕರು ತಮ್ಮ ಸ್ವಂತ ಕಾರುಗಳಲ್ಲಿಯೇ ಮಡಿದಿದ್ದಾರೆ. ಹಲವರು ಸೀಟ್ ಬೆಲ್ಟ್ ಕಟ್ಟಿಕೊಂಡಿರಲಿಲ್ಲ. ಕಟ್ಟಿಕೊಳ್ಳಲು ಬೇಕಾಗಿದ್ದುದು ಎರಡು ಮೂರು ಸೆಕೆಂಡು. ಯಾರನ್ನೋ ಉಳಿಸಲು ಹೊರಟಾತ ಬೆಂಕಿಯ ಮುಖವನ್ನೂ ಕಾಣದೆ ದಾರಿಯಲ್ಲಿಯೇ ಇಲ್ಲವಾದರೆ, ಉರಿಯುವ ಮನೆಯವರಿಗೆ ಸಹಾಯ ತಪ್ಪುತ್ತದೆ. ಆತನ ಮನೆಯವರಿಗೆ ಆಧಾರ ತಪ್ಪುತ್ತದೆ. ಡಿಕ್ಕಿಯಾದ ಇನ್ನೊಂದು ಕಾರಿನವರಿಗೂ ವಿಪತ್ತು. ಉಳಿದವರು ಒಂದು ಅವಘಡದ ಬದಲು ಎರಡಕ್ಕೆ ಓಡಬೇಕಾಗುತ್ತದೆ. ‘ತಲುಪಿದರೆ ತಾನೆ ನೆರವು’ ಎಂಬ ಮಾತನ್ನು ಹೊಸ ಸ್ವಯಂಸೇವಕರಿಗೆ ಮೊದಲ ದಿನವೇ ಕಲಿಸಬೇಕಾಗುವುದು ಇದಕ್ಕಾಗಿಯೇ.

ದೀಪ ಹಚ್ಚಿದಾಗ ಮನುಷ್ಯನ ಮನಸ್ಸಿನಲ್ಲಿಯೂ ಒಂದು ಬದಲಾವಣೆಯಾಗುತ್ತದೆ. ಎಲ್ಲರೂ ತನ್ನನ್ನು ನೋಡುತ್ತಿದ್ದಾರೆ, ಎಲ್ಲರೂ ಸರಿದುಕೊಳ್ಳುತ್ತಾರೆ ಎಂಬ ಭಾವನೆ ಮೂಡುತ್ತದೆ. ವಾಸ್ತವದಲ್ಲಿ ಮುಂದಿನ ಕಾರಿನವನು ಗಾಜು ಏರಿಸಿಕೊಂಡು ಹಾಡು ಕೇಳುತ್ತಿರಬಹುದು. ಅಡ್ಡರಸ್ತೆಯಿಂದ ಬರುವವನಿಗೆ ಆ ಸಣ್ಣ ದೀಪ ಕಾಣಿಸದೆಯೇ ಇರಬಹುದು. ಕಂಡರೂ ಗಾಬರಿಗೊಂಡು ಎಡಕ್ಕೆ ಸರಿಯಬೇಕೋ ಬಲಕ್ಕೆ ಸರಿಯಬೇಕೋ ತಿಳಿಯದೆ ನಡುರಸ್ತೆಯಲ್ಲಿಯೇ ನಿಂತುಬಿಡಬಹುದು. ದೀಪವುಳ್ಳವನು ಇತರರಿಗಿಂತ ಹೆಚ್ಚು ಜಾಗರೂಕನಾಗಿರಬೇಕೆಂದು ಅನುಭವಿಗಳು ಹೇಳುವುದು ಸುಮ್ಮನೆ ಅಲ್ಲ.

ಹೃದಯದ ಮೇಲೆ ಬೀಳುವ ಭಾರ

ಅಗ್ನಿಶಾಮಕನಿಗೆ ಬೆಂಕಿಯೇ ಮೊದಲ ಶತ್ರು ಎಂದು ಸಾಮಾನ್ಯರು ಭಾವಿಸುತ್ತಾರೆ. ಅಂಕಿ ಅಂಶಗಳು ಬೇರೆಯದನ್ನು ಹೇಳುತ್ತವೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1994ರಿಂದ 2004ರ ವರೆಗೆ ಅಮೆರಿಕದಲ್ಲಿ ಕರ್ತವ್ಯದ ವೇಳೆ ಮಡಿದ ಅಗ್ನಿಶಾಮಕರ ಸಾವುಗಳನ್ನು ಪರಿಶೀಲಿಸಿ 2007ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಮಡಿದವರನ್ನು ಬಿಟ್ಟು 1,144 ಸಾವುಗಳು ಲೆಕ್ಕಕ್ಕೆ ಬಂದವು. ಅವುಗಳಲ್ಲಿ 449, ಎಂದರೆ ನೂರಕ್ಕೆ 39ರಷ್ಟು, ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸಂಭವಿಸಿದವು.

ಆ ಹೃದಯಾಘಾತಗಳು ಯಾವಾಗ ಆದವೆಂಬುದು ಇನ್ನೂ ಗಮನಾರ್ಹ. ನೂರಕ್ಕೆ 32ರಷ್ಟು ಬೆಂಕಿ ನಂದಿಸುತ್ತಿರುವಾಗ. 13ಕ್ಕೂ ಹೆಚ್ಚು ಕರೆಗೆ ಓಗೊಟ್ಟು ಹೊರಟಾಗ. 17ಕ್ಕೂ ಹೆಚ್ಚು ಕೆಲಸ ಮುಗಿಸಿ ಹಿಂದಿರುಗುವಾಗ. ತುರ್ತಿಲ್ಲದ ದಿನನಿತ್ಯದ ಕೆಲಸದೊಂದಿಗೆ ಹೋಲಿಸಿದರೆ, ಕರೆಗೆ ಹೊರಟ ಹೊತ್ತಿನಲ್ಲಿ ಹೃದಯಾಘಾತದಿಂದ ಸಾಯುವ ಅಪಾಯ ಸುಮಾರು 3ರಿಂದ 14 ಪಟ್ಟು ಅಧಿಕ ಎಂದು ಸಂಶೋಧಕರು ಅಂದಾಜು ಮಾಡಿದರು. ಬೆಂಕಿಯ ಬಿಸಿ ಮೈಗೆ ತಾಗುವ ಮೊದಲೇ ಹೃದಯ ಅದರ ಪೆಟ್ಟನ್ನು ತಿಂದಿರುತ್ತದೆ.

ಕಾರಣ ತಿಳಿಯುವುದು ಕಷ್ಟವಲ್ಲ. ಗಾಢ ನಿದ್ರೆಯಲ್ಲಿರುವಾಗ, ಇಲ್ಲವೆ ಊಟ ಮಾಡಿ ಕುಳಿತಿರುವಾಗ, ಕರೆಗಂಟೆ ಒಮ್ಮೆಲೇ ಕೂಗುತ್ತದೆ. ಆ ಕ್ಷಣದಲ್ಲಿ ಅಡ್ರಿನಲಿನ್ ರಕ್ತಕ್ಕೆ ನುಗ್ಗುತ್ತದೆ, ನಾಡಿ ಓಡತೊಡಗುತ್ತದೆ, ರಕ್ತದ ಒತ್ತಡ ಏರುತ್ತದೆ. ಆರೋಗ್ಯವಂತನ ಹೃದಯ ಇದನ್ನು ತಾಳಿಕೊಳ್ಳುತ್ತದೆ. ಆದರೆ ಹೃದಯದ ರಕ್ತನಾಳದ ಗೋಡೆಯಲ್ಲಿ ಕೊಬ್ಬಿನ ಗಡ್ಡೆ ಈಗಾಗಲೇ ಕಟ್ಟಿಕೊಂಡಿದ್ದರೆ, ಈ ಹೊಡೆತಕ್ಕೆ ಅದರ ಮೇಲ್ಪದರ ಬಿರಿದು ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳಬಹುದು. ಮುಂದೆ 20 ಕಿಲೋಗ್ರಾಮಿಗೂ ಮಿಗಿಲಾದ ಉಡುಪು, ಉಸಿರಾಟದ ಸಿಲಿಂಡರುಗಳ ಭಾರ. ಬೆವರಿನಿಂದ ನೀರು ನಷ್ಟವಾಗಿ ರಕ್ತ ಗಟ್ಟಿಯಾಗುವಿಕೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್. ಇವೆಲ್ಲ ಒಂದರ ಮೇಲೊಂದು ಸೇರುತ್ತವೆ.

ವಾರದ ಐದು ದಿನ ಮೇಜಿನ ಮುಂದೆ ಕುಳಿತು ಆರನೆಯ ದಿನ ಬೆಂಕಿಯ ಮುಂದೆ ನಿಲ್ಲುವ ನಡುವಯಸ್ಸಿನ ಸ್ವಯಂಸೇವಕನಿಗೆ ಈ ಅಪಾಯ ವಿಶೇಷವಾಗಿ ತಟ್ಟುತ್ತದೆ. ಆತನಿಗೆ ನಿಯತವಾದ ವೈದ್ಯಪರೀಕ್ಷೆ, ರಕ್ತದೊತ್ತಡದ ಹತೋಟಿ, ಧೂಮಪಾನ ವರ್ಜನೆ, ದಿನನಿತ್ಯದ ವ್ಯಾಯಾಮ ಇವು ನೀಲಿ ದೀಪಕ್ಕಿಂತ ಹೆಚ್ಚು ಅಗತ್ಯ.

ಅಗ್ನಿಶಾಮಕರಲ್ಲದವರಿಗೂ ಇದರಲ್ಲಿ ತಿಳಿಯಬೇಕಾದುದಿದೆ. ಮಧ್ಯರಾತ್ರಿಯಲ್ಲಿ ಊರಿನಿಂದ ಬರುವ ಫೋನಿನ ಕರೆ, ತಪ್ಪಿಹೋಗಲಿರುವ ಲೋಕಲ್ ಗಾಡಿಗಾಗಿ ಸೇತುವೆಯ ಮೆಟ್ಟಿಲುಗಳ ಮೇಲೆ ಓಟ, ಲಿಫ್ಟ್ ಕೆಟ್ಟ ದಿನ ಭಾರ ಹೊತ್ತು ಆರು ಮಾಳಿಗೆ ಹತ್ತುವುದು, ಇವೂ ದೇಹಕ್ಕೆ ಅದೇ ಬಗೆಯ ಹಠಾತ್ ಹೊಡೆತಗಳು. ಎದೆ ಬಿಗಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು, ಕಾರಣವಿಲ್ಲದ ಉಬ್ಬಸ ಕಂಡರೆ ‘ಗ್ಯಾಸ್ ಇರಬೇಕು’ ಎಂದು ಕಾಯುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಆಗ ಸ್ವತಃ ಕಾರು ನಡೆಸಿಕೊಂಡು ಹೋಗಬಾರದು.

ಗೂಟದ ಕಾರಿನ ನಾಡಿನಲ್ಲಿ

ಭಾರತದಲ್ಲಿ ಅಗ್ನಿಶಾಮಕ ದಳಗಳು ಬಹುಪಾಲು ವೇತನದವು. ಅವರ ತ್ಯಾಗ ಯಾರಿಗೂ ಕಡಿಮೆಯದಲ್ಲ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ‘ಫೋರ್ಟ್ ಸ್ಟೈಕೀನ್’ ಎಂಬ ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿ ಹತ್ತಿಯ ಮೂಟೆಗಳೂ ಸ್ಫೋಟಕಗಳೂ ಜತೆಯಲ್ಲಿದ್ದವು. ನಂದಿಸಲು ಹೋದ 66 ಮಂದಿ ಅಗ್ನಿಶಾಮಕರು ಸ್ಫೋಟದಲ್ಲಿ ಮಡಿದರು. ಆ ದಿನದ ನೆನಪಿಗಾಗಿಯೇ ಪ್ರತಿ ವರ್ಷ ಏಪ್ರಿಲ್ 14ರಂದು ರಾಷ್ಟ್ರೀಯ ಅಗ್ನಿಶಾಮಕ ಸೇವಾ ದಿನವನ್ನೂ, 20ರ ವರೆಗೆ ಸಪ್ತಾಹವನ್ನೂ ಆಚರಿಸಲಾಗುತ್ತದೆ.

ಆದರೆ ಕಾರಿನ ಮೇಲಿನ ದೀಪ ಈ ನಾಡಿನಲ್ಲಿ ಬೇರೊಂದು ಹಾದಿ ಹಿಡಿಯಿತು. ಕಷ್ಟದಲ್ಲಿದ್ದವರತ್ತ ಓಡುವ ಗುರುತಾಗಬೇಕಾದದ್ದು ಪದವಿಯ ಗುರುತಾಯಿತು. ಕೆಂಪು ಗೂಟದ ಕಾರು ಬಂದರೆ ಜನ ಸರಿಯಬೇಕು, ಸಿಗ್ನಲ್ ಕಾಯಬೇಕು. ಒಳಗಿರುವವರು ಮದುವೆಗೆ ಹೊರಟಿದ್ದರೂ ಆಗಬಹುದು. ಇದರ ಅತಿಯಾದ ಬಳಕೆಯನ್ನು ಸರ್ವೋಚ್ಚ ನ್ಯಾಯಾಲಯ 2013ರ ಡಿಸೆಂಬರಿನಲ್ಲಿ ನಿರ್ಬಂಧಿಸಿತು. 2017ರ ಏಪ್ರಿಲ್ 19ರಂದು ಕೇಂದ್ರ ಸಚಿವ ಸಂಪುಟವು ಗಣ್ಯರ ವಾಹನಗಳಿಂದ ಈ ದೀಪಗಳನ್ನು ತೆಗೆಯುವ ತೀರ್ಮಾನ ಕೈಗೊಂಡಿತು; ಮೇ 1ರಿಂದ ಅದು ಜಾರಿಗೆ ಬಂತು. ತುರ್ತು ಸೇವೆಯ ವಾಹನಗಳಿಗೆ ಮಾತ್ರ ದೀಪ ಉಳಿಯಿತು. ಪದವಿಗಾಗಿ ಬೆಳಗಿದ ದೀಪಗಳನ್ನು ವರ್ಷಗಟ್ಟಲೆ ಕಂಡು ಜನರ ಕಣ್ಣು ಜಡ್ಡುಗಟ್ಟಿತ್ತೆಂಬುದೂ ನಿಜ. ಆಂಬುಲೆನ್ಸಿನ ದೀಪ ಕಂಡಾಗಲೂ ‘ಒಳಗೆ ರೋಗಿ ಇದ್ದಾನೋ ಇಲ್ಲವೋ’ ಎಂದು ಶಂಕಿಸುವ ಮನೋಭಾವ ಇದರಿಂದಲೂ ಬೆಳೆದಿರಬೇಕು.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ಅಗ್ನಿಶಾಮಕ ವಾಹನಕ್ಕಾಗಲಿ ಆಂಬುಲೆನ್ಸಿಗಾಗಲಿ ದಾರಿ ಬಿಡದವರಿಗೆ 6 ತಿಂಗಳ ವರೆಗೆ ಸೆರೆಮನೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ದಂಡದ ಭಯದಿಂದ ಸರಿಯುವವರಿದ್ದಾರೆ. ಆದರೆ ಆ ನ್ಯೂಯಾರ್ಕಿನ ಊರುಗಳಲ್ಲಿ ದಂಡದ ಭಯವೇ ಇಲ್ಲದೆ ಒಂದು ಪುಟ್ಟ ನೀಲಿ ದೀಪಕ್ಕೆ ಜನ ದಾರಿ ಬಿಡುತ್ತಾರಲ್ಲ, ಅದು ಯೋಚಿಸಬೇಕಾದ ಸಂಗತಿ. ಆ ಕಾರಿನಲ್ಲಿರುವಾತ ತಮ್ಮ ನೆರೆಯವನೆಂದೂ, ನಾಳೆ ತಮ್ಮ ಮನೆಗೇ ಆತ ಬರಬೇಕಾದೀತೆಂದೂ ಅವರಿಗೆ ತಿಳಿದಿದೆ.

ಮಾಡಬಹುದಾದುದು

ಮಹಾನಗರಗಳಲ್ಲಿರುವ ಕನ್ನಡಿಗರು ಇದಕ್ಕಾಗಿ ಕಾರಿಗೆ ದೀಪ ಹಚ್ಚಿಕೊಳ್ಳಬೇಕಾಗಿಲ್ಲ. ಈ ದೇಶದ ಕಾನೂನು ಅದಕ್ಕೆ ಒಪ್ಪುವುದೂ ಇಲ್ಲ. ಕೈಯಲ್ಲಿರುವ ಕೆಲಸಗಳೇ ಬೇಕಾದಷ್ಟಿವೆ.

ಸೈರನ್ ಕೇಳಿದಾಗ ಗಾಬರಿಯಿಂದ ಬ್ರೇಕ್ ಒತ್ತದೆ, ಸೂಚಕ ದೀಪ ಹಾಕಿ, ಕನ್ನಡಿ ನೋಡಿಕೊಂಡು ಎಡ ಅಂಚಿಗೆ ಸರಿದು ನಿಲ್ಲಬೇಕು. ಆಂಬುಲೆನ್ಸಿನ ಬಾಲ ಹಿಡಿದು ನುಗ್ಗುವ ಅಭ್ಯಾಸವನ್ನು ಬಿಡಬೇಕು. ಬೆಂಕಿ ಕಂಡರೆ 101 ಅಥವಾ 112 ಸಂಖ್ಯೆಗೆ ಫೋನು ಮಾಡಿ, ಕಟ್ಟಡದ ಹೆಸರು, ಬೀದಿ, ಹತ್ತಿರದ ಗುರುತು, ಎಷ್ಟನೆಯ ಮಾಳಿಗೆ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು. ಒಬ್ಬರು ಬೀದಿಯ ತುದಿಯಲ್ಲಿ ನಿಂತು ದಾರಿ ತೋರಿಸಿದರೆ ಹುಡುಕಾಟದಲ್ಲಿ ಹೋಗುವ ನಿಮಿಷಗಳು ಉಳಿಯುತ್ತವೆ.

ಎಲ್ಲಕ್ಕಿಂತ ಮುಖ್ಯವಾದುದು ಮನೆಯ ಬಾಗಿಲಿನಲ್ಲಿಯೇ ಇದೆ. ಹೌಸಿಂಗ್ ಸೊಸೈಟಿಗಳ ಆವರಣದಲ್ಲಿ ಎರಡೂ ಬದಿ ಕಾರುಗಳು, ನಡುವೆ ಸ್ಕೂಟರುಗಳು, ಮೆಟ್ಟಿಲ ಕೆಳಗೆ ಹಳೆಯ ಸಾಮಾನುಗಳು ತುಂಬಿರುತ್ತವೆ. ದಳದವರು ನಗರದ ಸಂದಣಿಯನ್ನು ದಾಟಿ ಬಂದು ಗೇಟಿನ ಬಳಿ ಸಿಕ್ಕಿಹಾಕಿಕೊಳ್ಳುವುದುಂಟು. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಎಂಬ ಗಾದೆಯನ್ನು ಎಲ್ಲರೂ ಬಲ್ಲರು; ಬೆಂಕಿ ಬಿದ್ದಾಗ ಕಾರಿನ ಬೀಗದ ಕೈ ಹುಡುಕುವುದೂ ಅದಕ್ಕಿಂತ ಬೇರೆಯಲ್ಲ. ಸೊಸೈಟಿಯ ಮುಂದಿನ ಸಭೆಯಲ್ಲಿ ಯಾರಾದರೊಬ್ಬರು ಎದ್ದು, ಅಗ್ನಿಶಾಮಕ ವಾಹನ ಗೇಟಿನಿಂದ ಕಟ್ಟಡದ ವರೆಗೆ ಬರಲು ಜಾಗವಿದೆಯೇ ಎಂದು ಕೇಳಿ, ಒಂದು ಅಳತೆಪಟ್ಟಿ ಹಿಡಿದು ನೋಡಲಿ. ಆ ದಾರಿಯನ್ನು ಇಂದೇ ಬಿಟ್ಟುಕೊಟ್ಟರೆ, ಬೇಕಾದ ದಿನ ದೀಪದ ವಿನಂತಿಗಾಗಿ ಕಾಯಬೇಕಾಗುವುದಿಲ್ಲ.